ಗಿರಿದೃಶ್ಯ ಮತ್ತು ಕಪ್ಪು-ಬಿಳುಪಿನ ಛಾಯಾಚಿತ್ರ

‘ಛಾಯೆ’ ಎಂಬ ಶಬ್ದಕ್ಕೆ ಅಮರಕೋಶದ ನಾನಾರ್ಥವರ್ಗವು ಸೂರ್ಯಪತ್ನಿ, ಕಾಂತಿ, ಪ್ರತಿಬಿಂಬ ಮತ್ತು ಬಿಸಿಲಿಲ್ಲದ ನೆರಳು ಎಂಬ ನಾಲ್ಕು ಅರ್ಥಗಳನ್ನು ಹೇಳುತ್ತದೆ. ಬೆಳಕನ್ನೂ ನೆರಳನ್ನೂ ಒಂದೇ ಪದವು ತನ್ನೊಳಗೆ ಇರಿಸಿಕೊಂಡಿರುವುದು ಗಮನಾರ್ಹ. ‘ಫೋಟೋಗ್ರಫಿ’ ಎಂಬ ಗ್ರೀಕ್ ಮೂಲದ ಪದಕ್ಕೆ ‘ಬೆಳಕಿನ ಬರಹ’ ಎಂದಷ್ಟೇ ಅರ್ಥ. ನಮ್ಮಲ್ಲಿ ರೂಢಿಗೆ ಬಂದ ‘ಛಾಯಾಚಿತ್ರ’ವಾದರೋ ಕಾಂತಿ, ನೆರಳು, ಪ್ರತಿಬಿಂಬ ಮೂರನ್ನೂ ಸೂಚಿಸುತ್ತದೆ. ವರ್ಣವನ್ನು ಬಿಟ್ಟು ಈ ಮೂರರಿಂದಲೇ ಸಿದ್ಧವಾಗುವ ಕಪ್ಪು-ಬಿಳುಪಿನ ಚಿತ್ರಕ್ಕೆ ಆ ಹೆಸರು ವಿಶೇಷವಾಗಿ ಅನ್ವರ್ಥಕವಾಗಿದೆ. ಅಂಗೈಯಗಲದ ಮೊಬೈಲ್ ಫೋನು ಎಣಿಕೆಗೆ ಮೀರಿದ ಬಣ್ಣಗಳನ್ನು ಕ್ಷಣಾರ್ಧದಲ್ಲಿ ಹಿಡಿದುಕೊಡುವ ಈ ಕಾಲದಲ್ಲಿ, ಗಿರಿದೃಶ್ಯಗಳನ್ನು ತೆಗೆಯುವವರಲ್ಲಿ ಹಲವರು ಬಣ್ಣವನ್ನು ಬೇಕೆಂದೇ ತೊರೆಯುವುದೇಕೆ? ಡಿಜಿಟಲ್ ಕ್ಯಾಮರಾದಲ್ಲಿ ಅದು ಸಾಧ್ಯವಾಗುವುದು ಹೇಗೆ? ಅಲ್ಲಿ ಛಾಯಾಗ್ರಾಹಕನಿಗಿರುವ ಸ್ವಾತಂತ್ರ್ಯವೆಷ್ಟು, ಹೊಣೆಯೆಷ್ಟು? ಇವು ವಿಚಾರಾರ್ಹವಾದ ಪ್ರಶ್ನೆಗಳು.

ಅತನೂರಿನ ಸುತ್ತಲಿನದು ಎರೆಭೂಮಿ. ಜೋಳ-ತೊಗರಿಯ ಹೊಲಗಳಾಚೆ ಕಣ್ಣು ನೇರವಾಗಿ ದಿಗಂತವನ್ನೇ ಮುಟ್ಟುತ್ತದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸವು ಕರಿಗಲ್ಲಾಗಿ, ಆ ಕಲ್ಲು ಸವೆದು ಆದ ಮಣ್ಣು ಇದು. ಜೇವರ್ಗಿಯನ್ನು ದಾಟಿ ಶಹಾಪುರದತ್ತ ಸಾಗಿದರೆ ಮಾತ್ರ ನೆಲದ ಸ್ವರೂಪ ಬದಲಾಗಿ, ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯ ಗ್ರಾನೈಟು ಶಿಲೆಯ ಗುಡ್ಡಗಳು ತಲೆಯೆತ್ತುತ್ತವೆ. ಅವುಗಳಲ್ಲೊಂದು ಸಾಲು ‘ಮಲಗಿದ ಬುದ್ಧ’ನೆಂದು ಜನಜನಿತವಾಗಿದೆ. ಅಂಗಾತ ಮಲಗಿದ ಪುರುಷನ ಹಣೆ, ಮೂಗು, ಗಲ್ಲ, ಎದೆಗಳು ಆ ಬೆಟ್ಟದ ಅಂಚಿನಲ್ಲಿ ಮೂಡಿವೆ. ನಡುಹಗಲಿನಲ್ಲಿ ನೋಡುವವನ ಕಣ್ಣು ಹುಲ್ಲಿನ ಹಸಿರು, ಬಂಡೆಯ ಕಂದು ಇವುಗಳಲ್ಲಿ ಹಂಚಿಹೋಗುತ್ತದೆ. ಸಂಜೆ ಬಣ್ಣಗಳು ಅಡಗಿ, ಬೆಳಗಿದ ಆಕಾಶದೆದುರು ಬೆಟ್ಟವು ಕಪ್ಪಾಗಿ ನಿಂತಾಗಲೇ ಆ ಆಕೃತಿ ಸ್ಫುಟವಾಗುತ್ತದೆ. ಬುದ್ಧನಿರುವುದು ರೇಖೆಯಲ್ಲಿ, ಬಣ್ಣದಲ್ಲಿ ಅಲ್ಲ. ಕಪ್ಪು-ಬಿಳುಪಿನ ಗಿರಿಚಿತ್ರದ ತತ್ತ್ವವೆಲ್ಲ ಈ ಒಂದು ನಿದರ್ಶನದಲ್ಲಿ ಅಡಕವಾಗಿದೆ.

ಬೆಟ್ಟಕ್ಕೆ ರೂಪವನ್ನು ಕೊಡುವುದು ಓರೆಬಿಸಿಲು. ಮುಂಜಾನೆಯ ಹಾಗೂ ಇಳಿಹೊತ್ತಿನ ಕಿರಣಗಳು ಬಂಡೆಗಳ ಮೇಲೆ ಅಡ್ಡವಾಗಿ ಬಿದ್ದು, ಪ್ರತಿಯೊಂದು ಉಬ್ಬಿಗೂ ಬೆಳಗಿದ ಒಂದು ಮಗ್ಗುಲನ್ನೂ ನೆರಳಿನ ಒಂದು ಮಗ್ಗುಲನ್ನೂ ಉಂಟುಮಾಡುತ್ತವೆ. ಈ ಸೀಮೆಯಲ್ಲಿ ಮೇ ತಿಂಗಳ ಮೊದಲ ಪಕ್ಷದಲ್ಲಿ ಒಮ್ಮೆ, ಆಗಸ್ಟ್ ತಿಂಗಳ ಆರಂಭದಲ್ಲಿ ಮತ್ತೊಮ್ಮೆ, ನಡುಹಗಲಿನ ಸೂರ್ಯನು ನೆತ್ತಿಯ ನೇರಕ್ಕೆ ಬರುತ್ತಾನೆ; ನೆಟ್ಟ ಕಂಬದ ನೆರಳು ಅದರ ಬುಡದಲ್ಲಿಯೇ ಅಡಗುತ್ತದೆ. ಅಂತಹ ಹೊತ್ತಿನಲ್ಲಿ ತೆಗೆದ ವರ್ಣಚಿತ್ರವು ಬಣ್ಣದ ಬಲದಿಂದ ಹೇಗೋ ನಿಂತೀತು, ಕಪ್ಪು-ಬಿಳುಪಿನದು ಚಪ್ಪಟೆಯಾಗಿಬಿಡುತ್ತದೆ.

ಡಿಜಿಟಲ್ ಕ್ಯಾಮರಾದಲ್ಲಿ ಫಿಲ್ಮಿನ ಸ್ಥಾನವನ್ನು ಸಿಲಿಕಾನಿನ ಒಂದು ಫಲಕವು ಪಡೆದಿದೆ. ಅದರ ಮೇಲಿನ ಲಕ್ಷಾಂತರ ಸೂಕ್ಷ್ಮಕೋಶಗಳು ತಮ್ಮ ಮೇಲೆ ಬಿದ್ದ ಬೆಳಕು ಎಷ್ಟೆಂಬುದನ್ನು ಮಾತ್ರ ಅಳೆಯಬಲ್ಲವು. ಅದು ಯಾವ ಬಣ್ಣದ್ದೆಂಬುದು ಅವಕ್ಕೆ ತಿಳಿಯದು. ಈ ಯಂತ್ರದ ಕಣ್ಣು ಹುಟ್ಟಿನಿಂದಲೇ ವರ್ಣಾಂಧ. ಅಮೆರಿಕದ ಕೊಡಕ್ ಸಂಸ್ಥೆಯಲ್ಲಿ ಸ್ಟೀವನ್ ಸಾಸನ್ ಎಂಬ ತಂತ್ರಜ್ಞನು 1975ರಲ್ಲಿ ನಿರ್ಮಿಸಿದ ಮೊತ್ತಮೊದಲ ಡಿಜಿಟಲ್ ಕ್ಯಾಮರಾ ಕೊಟ್ಟದ್ದು ಕಪ್ಪು-ಬಿಳುಪಿನ ಚಿತ್ರವನ್ನೇ. ಅದರಲ್ಲಿದ್ದವು ಕೇವಲ 10,000 ಬಿಂದುಗಳು; ಅದು ಕ್ಯಾಸೆಟ್ ಟೇಪಿನ ಮೇಲೆ ದಾಖಲಾಗಲು 23 ಸೆಕೆಂಡುಗಳು ಬೇಕಾಗಿದ್ದವು. ಅದೇ ಸಂಸ್ಥೆಯ ಬ್ರೈಸ್ ಬೇಯರನು 1976ರಲ್ಲಿ ಪೇಟೆಂಟ್ ಪಡೆದ ವಿಧಾನದಲ್ಲಿ, ಪ್ರತಿ ನಾಲ್ಕು ಕೋಶಗಳಲ್ಲಿ ಎರಡಕ್ಕೆ ಹಸಿರು, ಒಂದಕ್ಕೆ ಕೆಂಪು, ಒಂದಕ್ಕೆ ನೀಲಿ ಸೋಸುಗಾಜನ್ನು ಹೊದಿಸಲಾಗುತ್ತದೆ. ಬಣ್ಣವೆಂಬುದು ಈ ಅಳತೆಗಳಿಂದ ಯಂತ್ರವು ಲೆಕ್ಕಹಾಕಿ ಕಟ್ಟಿದ ಫಲಿತಾಂಶ.

ಹೀಗೆ ದೊರೆತ ಮೂರು ವರ್ಣಾಂಶಗಳನ್ನು ಪುನಃ ಬೂದುಛಾಯೆಗೆ ಇಳಿಸುವಾಗ ಕಲೆಗಾರಿಕೆ ಆರಂಭವಾಗುತ್ತದೆ. ರೂಢಿಯಲ್ಲಿರುವ ಒಂದು ಸೂತ್ರದಂತೆ ನೂರು ಪಾಲುಗಳಲ್ಲಿ ಕೆಂಪಿಗೆ 30, ಹಸಿರಿಗೆ 59, ನೀಲಿಗೆ 11. ಮನುಷ್ಯನ ಕಣ್ಣಿಗೆ ಹಸಿರು ಹೆಚ್ಚು ಪ್ರಕಾಶಮಾನವಾಗಿ ತೋರುವುದೇ ಇದಕ್ಕೆ ಕಾರಣ. ಈ ಪಾಲುಗಳನ್ನು ಛಾಯಾಗ್ರಾಹಕನು ತನ್ನ ಉದ್ದೇಶಕ್ಕೆ ತಕ್ಕಂತೆ ಬದಲಿಸಬಹುದು. ಕೆಂಪಿನ ಪಾಲು ಹೆಚ್ಚಿದರೆ ನೀಲಾಕಾಶವು ಕಪ್ಪೇರಿ, ನಸುಗೆಂಪು ಬಂಡೆ ಬೆಳಗುತ್ತದೆ. ಹಸಿರಿನ ಪಾಲು ಹೆಚ್ಚಿದರೆ ಕಾಡಿನ ಎಲೆಗಳು ತಿಳಿಯಾಗುತ್ತವೆ. ಫಿಲ್ಮಿನ ಕಾಲದಲ್ಲಿ ಇದೇ ಕಾರ್ಯವನ್ನು ಮಸೂರದ ಮುಂದಿರಿಸಿದ ಬಣ್ಣದ ಗಾಜು ಮಾಡುತ್ತಿತ್ತು. ಅಮೆರಿಕದ ಆ್ಯನ್ಸೆಲ್ ಆ್ಯಡಮ್ಸ್ 1927ರಲ್ಲಿ ಯೊಸೆಮಿಟಿ ಕಣಿವೆಯ ‘ಹಾಫ್ ಡೋಮ್’ ಶಿಖರವನ್ನು ಮೊದಲು ಹಳದಿ ಗಾಜಿನಿಂದಲೂ, ಅನಂತರ ಉಳಿದಿದ್ದ ಒಂದೇ ಪ್ಲೇಟಿನಲ್ಲಿ ಗಾಢ ಕೆಂಪು ಗಾಜಿನಿಂದಲೂ ಸೆರೆಹಿಡಿದನು. ಎರಡನೆಯದರಲ್ಲಿ ಆಕಾಶವು ಕರಿದಾಗಿ, ತಾನು ಮನಸ್ಸಿನಲ್ಲಿ ಕಂಡ ಬಂಡೆಯ ಗಾಂಭೀರ್ಯವೇ ಅವನಿಗೆ ದೊರೆಯಿತು.

‘ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ’ ಎಂಬ ಗಾದೆಗೂ ಇಲ್ಲಿ ಶಾಸ್ತ್ರೀಯವಾದ ಸಮಾಧಾನವಿದೆ. ಗಾಳಿಯ ಅಣುಗಳು ಕೆಂಪಿಗಿಂತ ನೀಲಿ ಬೆಳಕನ್ನು ಬಹುಪಾಲು ಹೆಚ್ಚಾಗಿ ಚದರಿಸುತ್ತವೆಂದು ಇಂಗ್ಲೆಂಡಿನ ವಿಜ್ಞಾನಿ ರೇಲಿ 1871ರಲ್ಲಿ ತೋರಿಸಿದನು. ನೋಡುವವನಿಗೂ ಬೆಟ್ಟಕ್ಕೂ ನಡುವಿನ ಈ ನೀಲಿಯು ಬೆಟ್ಟದ ನೆರಳುಗಳನ್ನೆಲ್ಲ ತುಂಬಿಬಿಡುವುದರಿಂದ ಉಬ್ಬುತಗ್ಗುಗಳು ಅಳಿಸಿ ನುಣುಪು ತೋರುತ್ತದೆ. ಕೆಂಪಿನ ಅಂಶವನ್ನೇ ಆಯ್ದುಕೊಂಡರೆ ಆ ತೆರೆ ಬಹುಮಟ್ಟಿಗೆ ಸರಿದು ಬಂಡೆಯ ಒರಟು ಗೋಚರಿಸುತ್ತದೆ. ಆದರೆ 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯಲ್ಲಿ ಮುಂಗಾರಿನ ಮಂಜು ಕವಿದಾಗ ಈ ಉಪಾಯ ನಡೆಯದು. ಮಂಜಿನ ಹನಿಗಳು ದೊಡ್ಡವು. ಎಲ್ಲ ಬಣ್ಣಗಳನ್ನೂ ಸಮನಾಗಿ ಚದರಿಸುತ್ತವೆ. ಅಲ್ಲಿ ಮಂಜೇ ಚಿತ್ರದ ವಸ್ತುವಾಗಬೇಕು: ಹತ್ತಿರದ ಸಾಲು ಕಪ್ಪು, ಅದರಾಚೆಯದು ಬೂದು, ಕಡೆಯದು ಬಿಳುಪಿನಲ್ಲಿ ಲೀನ.

ಇಂತಹ ನವುರಾದ ಛಾಯಾಭೇದಗಳು ಉಳಿಯಬೇಕಾದರೆ ಕ್ಯಾಮರಾದ ಮೂಲ ಅಳತೆಗಳನ್ನೇ ಕಾಪಾಡಬೇಕು. ಸಾಮಾನ್ಯವಾದ ಜೆಪೆಗ್ ಕಡತದಲ್ಲಿ ಕಪ್ಪಿನಿಂದ ಬಿಳುಪಿನವರೆಗೆ 256 ಮೆಟ್ಟಿಲುಗಳಿರುತ್ತವೆ. ‘ರಾ’ ಎಂದು ಕರೆಯುವ, ಸಂಸ್ಕರಿಸದ ಕಡತದಲ್ಲಿ 14 ಬಿಟ್ಟುಗಳಿದ್ದರೆ 16,384 ಮೆಟ್ಟಿಲುಗಳು. ಮೊದಲನೆಯದನ್ನು ಹೆಚ್ಚು ತಿದ್ದಿದರೆ ಆಕಾಶದಲ್ಲಿ ಪಟ್ಟೆಗಳು ಒಡೆದು ತೋರುತ್ತವೆ.

ತಿದ್ದುವಿಕೆಯ ಮಾತು ಬಂದಾಗ ಸತ್ಯದ ಪ್ರಶ್ನೆಯೂ ಬರುತ್ತದೆ. ಮದರಾಸು ಸೈನ್ಯದ ಅಧಿಕಾರಿ ಅಲೆಗ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಮೇಣ ಸವರಿದ ಕಾಗದದ ನೆಗೆಟಿವುಗಳ ಮೇಲೆ ಹಂಪಿಯ ದೇಗುಲಗಳನ್ನೂ ಬಂಡೆಗುಡ್ಡಗಳನ್ನೂ ಚಿತ್ರಿಸಿದನು. ಅಂದಿನ ರಾಸಾಯನಿಕಗಳು ನೀಲಿಗೆ ಮಾತ್ರ ತೀವ್ರವಾಗಿ ಸ್ಪಂದಿಸುತ್ತಿದ್ದುದರಿಂದ ಆ ಕಾಲದ ಚಿತ್ರಗಳಲ್ಲಿ ಆಕಾಶವು ಬರಿದಾಗಿ ಬೆಳ್ಳಗಿರುತ್ತದೆ. ಆ ಬಿಳಿ ಆಕಾಶ ನಿಜವಲ್ಲ. ಅದರೆದುರು ನಿಂತ ಆಕೃತಿ ನಿಜ. ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವಿದ್ದುದು ಗ್ರೀನ್‌ಲಾನ ಚಿತ್ರದಲ್ಲಿ ಸ್ಪಷ್ಟವಾಗಿದೆ. ಇಂದು ಆ ಶಿಖರವಿಲ್ಲ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅವರು ಗ್ರೀನ್‌ಲಾ ನಿಂತಿದ್ದ ನೆಲೆಗಳಲ್ಲಿಯೇ ನಿಂತು ಪುನಃ ಚಿತ್ರ ತೆಗೆದಾಗ, ಉಳಿದುದೇನು, ಅಳಿದುದೇನು ಎಂಬುದನ್ನು ಅಕ್ಕಪಕ್ಕದಲ್ಲಿಟ್ಟು ನೋಡುವುದು ಸಾಧ್ಯವಾಯಿತು. ಹಳೆಯ ಚಿತ್ರಗಳಲ್ಲಿ ಆಕೃತಿಗಳನ್ನು ಸೇರಿಸಿ, ಅಳಿಸಿ ಅಂದಗೊಳಿಸಿದ್ದರೆ ಈ ಸಾಕ್ಷ್ಯವೆಲ್ಲವೂ ವ್ಯರ್ಥವಾಗುತ್ತಿತ್ತು.

ವ್ಯಾಖ್ಯಾನಕಾರನು ಮೂಲಪಾಠಕ್ಕೆ ಅರ್ಥವಿಸ್ತಾರ ಮಾಡಬಹುದು, ಪಾಠವನ್ನೇ ತಿದ್ದಲಾಗದು. ಛಾಯಾಗ್ರಾಹಕನಿಗೂ ಇದೇ ನಿಯಮ. ಆಕಾಶವನ್ನು ಎಷ್ಟು ಕಪ್ಪಾಗಿಸಬೇಕು, ಬಂಡೆಯನ್ನು ಎಷ್ಟು ಬೆಳಗಿಸಬೇಕು ಎಂಬುದು ಅವನ ವ್ಯಾಖ್ಯಾನ. ಇಲ್ಲದ ಶಿಖರವನ್ನು ಸೇರಿಸುವುದು, ಇರುವ ವಿದ್ಯುತ್ ಕಂಬವನ್ನು ಮಾಯಮಾಡುವುದು ಪಾಠಭ್ರಷ್ಟತೆ. ಗಣಕಯಂತ್ರವು ಇಂದು ಇಲ್ಲದ ಬೆಟ್ಟಗಳನ್ನೇ ಚಿತ್ರಿಸಿಕೊಡುವಷ್ಟು ಸಮರ್ಥವಾಗಿರುವುದರಿಂದ ಈ ವಿವೇಕ ಹಿಂದೆಂದಿಗಿಂತ ಅಗತ್ಯವಾಗಿದೆ.

ನಾಡಿನ ಅನೇಕ ಕಡೆ ಗುಡ್ಡಗಳು ಜಲ್ಲಿಗಾಗಿ, ಚಪ್ಪಡಿಗಾಗಿ ಕರಗುತ್ತಿವೆ. ತಮ್ಮ ಸೀಮೆಯ ಒಂದೊಂದು ಗುಡ್ಡವನ್ನು ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ, ಒಂದೇ ನೆಲೆಯಿಂದ, ಒಂದೇ ಹೊತ್ತಿನಲ್ಲಿ ತೆಗೆದು, ಸ್ಥಳ-ದಿನಾಂಕಗಳನ್ನು ಬರೆದು, ಮೂಲ ಕಡತವನ್ನು ತಿದ್ದದೆ ಶಾಲೆಯಲ್ಲಿ ಕಾದಿರಿಸಿದರೆ, ಅದು ನೂರು ವರ್ಷಗಳ ಅನಂತರ ಓಲೆಗರಿಯಷ್ಟೇ ಬೆಲೆಯುಳ್ಳ ಆಧಾರವಾದೀತು. ಅದಕ್ಕೆ ದುಬಾರಿ ಉಪಕರಣವೇನೂ ಬೇಡ. ಬೆಳಕನ್ನು ಕಾಯುವ ತಾಳ್ಮೆಯೂ, ಕಂಡದ್ದನ್ನು ಕಂಡಂತೆ ಉಳಿಸುವ ಪ್ರಾಮಾಣಿಕತೆಯೂ ಸಾಕು.