ಸಮುದ್ರ ದಾಟಿದ ಠಕ್ಕ

ಮಾತಿನಲ್ಲೇ ಮರುಳು ಮಾಡಿ ಮೋಸಗೊಳಿಸುವವನು ನಮ್ಮಲ್ಲಿ ಠಕ್ಕ. ಮೂಲ, ‘ಮರೆಮಾಡು’ ಎಂಬರ್ಥದ ಧಾತುವಿನಿಂದ ಬಂದ ಸಂಸ್ಕೃತದ ‘ಸ್ಥಗ’. ಹಿಂದಿಯಲ್ಲಿ ಅದೇ ‘ಠಗ್’. ದಾರಿಹೋಕರ ಸ್ನೇಹ ಬೆಳೆಸಿ, ರುಮಾಲಿನಿಂದ ಕುತ್ತಿಗೆ ಬಿಗಿದು ದೋಚುವವರನ್ನು ಬ್ರಿಟಿಷರೂ ಇದೇ ಹೆಸರಿನಿಂದ ಕರೆದರು. 1830ರ ದಶಕದಲ್ಲಿ ಬ್ರಿಟಿಷ್ ಅಧಿಕಾರಿ ವಿಲಿಯಂ ಸ್ಲೀಮನ್ ಈ ಠಗ್ಗರ ಬೇಟೆಗೇ ನಿಂತ. ಇಂಗ್ಲೆಂಡಿನ ಓದುಗರಿಗೆ ಈ ಪದವನ್ನು ಚೆನ್ನಾಗಿ ಪರಿಚಯಿಸಿದ್ದು 1839ರ ಕಾದಂಬರಿ ‘ಕನ್ಫೆಷನ್ಸ್ ಆಫ್ ಎ ಠಗ್’. ಬರೆದವನು ಫಿಲಿಪ್ ಮೆಡೋಸ್ ಟೇಲರ್. ಹೌದು, ಮುಂದೆ ನಮ್ಮ ಸುರಪುರದಲ್ಲಿ ಆಡಳಿತ ನಡೆಸಿದ ಅದೇ ಟೇಲರ್! ಅಲ್ಲಿನ ಗುಡ್ಡದ ಮೇಲಿನ ‘ಟೇಲರ್ ಮಂಜಿಲ್’ ಅವನದೇ ಬಂಗಲೆ. ಇಂಗ್ಲಿಷಿನ ‘ಥಗ್’ ಈಗ ಬರೀ ಹೊಡಿ-ಬಡಿ ರೌಡಿ. ಕನ್ನಡದ ಠಕ್ಕ ಮಾತ್ರ ಕೈ ಎತ್ತುವವನಲ್ಲ, ನಗುನಗುತ್ತಲೇ ಟೋಪಿ ಹಾಕುವವನು.