ಅರ್ಥವಾಗದ ಹೊತ್ತಲ್ಲಿ ದೇವರನ್ನು ನಂಬೋದು ಹೇಗೆ?

‘ದೇವರೇ, ನನಗೇ ಯಾಕೆ ಹೀಗೆ?’
ಈ ಪ್ರಶ್ನೆ ನೀವೂ ಕೇಳಿದ್ದೀರಾ?

ಹಾವೇರಿ ಜಿಲ್ಲೆಯ ಬಾಡ.
ಸುಮಾರು 500 ವರ್ಷಗಳ ಹಿಂದೆ
ಅಲ್ಲೊಬ್ಬ ನಾಯಕ, ತಿಮ್ಮಪ್ಪ.
ಯುದ್ಧದಲ್ಲಿ ಸೋತ.
ಮೈತುಂಬ ಗಾಯ, ಬದುಕಿದ್ದೇ ಹೆಚ್ಚು ಅನ್ನುತ್ತೆ ಐತಿಹ್ಯ.
ಆ ಸೋಲು ಯಾಕೆ ಬಂತು?
ಅವತ್ತು ಯಾರು ಹೇಳಬಹುದಿತ್ತು?

ಅದೇ ತಿಮ್ಮಪ್ಪ ಮುಂದೆ ಕನಕದಾಸರಾದರು.
ಕಾಗಿನೆಲೆಯ ಆದಿಕೇಶವನ ಮೇಲೆ ಭಾರ ಹಾಕಿದರು.
ಕಳವಳಗೊಂಡ ಮನಸ್ಸಿಗೆ ಧೈರ್ಯ ತುಂಬುವ ಕೀರ್ತನೆ ಕೊಟ್ಟರು.
ಇವತ್ತಿಗೂ ಮನೆಮನೆಯಲ್ಲಿ ಹಾಡ್ತೀವಿ.

ಅದೇ ಹಾವೇರಿ ಸೀಮೆಯಲ್ಲಿ ಗುಳಿಗಳಲ್ಲಿ ನೆಟ್ಟು ರಾಗಿ ಬೆಳೀತಾರೆ, ಗುಳಿ ರಾಗಿ ಅಂತಾರೆ.
ಎಳೆ ಪೈರಿನ ಮೇಲೆ ರೈತ ಕೊರಡು ಎಳೀತಾನೆ.
ಪೈರು ಬಾಗಿ ನೆಲಕ್ಕೆ ಒರಗುತ್ತೆ.
ನೋಡಿದವರಿಗೆ ‘ಅಯ್ಯೋ’ ಅನಿಸುತ್ತೆ.
ಆದರೆ ಆಮೇಲೆ ಬೇರು ಗಟ್ಟಿಯಾಗುತ್ತೆ,
ಒಂದೇ ಬುಡದಲ್ಲಿ ಹೆಚ್ಚು ತೆಂಡೆ ಒಡೆಯುತ್ತೆ.
ಕೊರಡು ಯಾಕೆ ಬಂತು ಅಂತ ಪೈರಿಗೆ ಗೊತ್ತಿಲ್ಲ.
ರೈತನಿಗೆ ಗೊತ್ತು.

ಹಾಗಂತ, ಮಗು ಕಳಕೊಂಡ ತಾಯಿಯ ಮುಂದೆ
‘ಎಲ್ಲ ಒಳ್ಳೆಯದಕ್ಕೇ’ ಅನ್ನಬೇಡಿ, ದಯವಿಟ್ಟು.
ಸುಮ್ಮನೆ ಪಕ್ಕದಲ್ಲಿ ಕೂತ್ಕೊಳ್ಳಿ.

ಆ ನೋವು ನಿಮ್ಮದೇ ಆಗಿದ್ದರೆ,
ಇವತ್ತು ದೇವರ ಮುಂದೆ ಅಳಿ, ಜಗಳ ಆಡಿ,
‘ಯಾಕೆ’ ಅಂತ ಕೇಳಿ.
ಅವನ ಜೊತೆ ಮಾತು ಮಾತ್ರ ಬಿಡಬೇಡಿ.