ಡಿಸ್ಕು ತಿರುಗುವುದು ನಿಂತ ಮೇಲೆ

ಗದಗ-ಬೆಟಗೇರಿಯ ಛಾಪಖಾನೆಗಳಲ್ಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಡಿಟಿಪಿ ಅಂಗಡಿಗಳಲ್ಲಿ ವರ್ಷಗಟ್ಟಲೆ ದುಡಿದು ದಣಿದ ಕಂಪ್ಯೂಟರಿಗೆ ಮರುಜೀವ ಕೊಡುವ ಅಗ್ಗದ ದಾರಿಯೊಂದಿದೆ: ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಕೂಡಿಸುವುದು. ಏಳಲು ನಿಮಿಷಗಟ್ಟಲೆ ಹಿಡಿಯುತ್ತಿದ್ದ ಯಂತ್ರ ಚಕ್ಕನೆ ಏಳುತ್ತದೆ. ಲಗ್ನಪತ್ರಿಕೆಯ ಬಣ್ಣದ ಫೈಲು ಕಾಯಿಸದೆ ತೆರೆಯುತ್ತದೆ. (ಉತಾರ ತೆಗೆಯುವಾಗಿನ ತಡ ಮಾತ್ರ ಇದರಿಂದ ಕಡಿಮೆಯಾಗದು, ಆ ದಾಖಲೆ ಬರುವುದು ದೂರದ ಸರ್ವರಿನಿಂದ.) ವೇಗ ಕೊಟ್ಟದ್ದು ಹೊಸ ಬಿಡಿಭಾಗವೇ, ನಿಜ. ಆದರೆ ಆ ವೇಗ ಮುಂದೆಯೂ ಉಳಿಯಬೇಕಾದರೆ, ಪೂರ್ತಿ ಕೈಗೆ ಸಿಗಬೇಕಾದರೆ, ಯಂತ್ರದ ಕಾರಭಾರ ನೋಡುವ ಆಪರೇಟಿಂಗ್ ಸಿಸ್ಟಂ ತನ್ನ ಎಷ್ಟೋ ಹಳೆಯ ರೂಢಿಗಳನ್ನು ಬಿಡಬೇಕಾಯಿತು.

ಆ ರೂಢಿಗಳು ದಡ್ಡತನದವಲ್ಲ. ಮಾಮೂಲಿ ಹಾರ್ಡ್ ಡಿಸ್ಕಿನ ತಟ್ಟೆ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡು. ಓದುವ ತಲೆ ಸರಿಯಾದ ಗೆರೆಗೆ ಸರಿಯಬೇಕು, ಆಮೇಲೆ ಬೇಕಾದ ಜಾಗ ತಿರುಗಿ ತನ್ನ ಕೆಳಗೆ ಬರುವ ತನಕ ಕಾಯಬೇಕು. ಅಲ್ಲಲ್ಲಿ ಚದುರಿದ ಮಾಹಿತಿಯನ್ನು ಹೀಗೆ ಹೆಕ್ಕುತ್ತ ಹೋದರೆ ಸೆಕೆಂಡಿಗೆ ನೂರು ತುಣುಕು ಸಿಕ್ಕರೆ ಹೆಚ್ಚು. ಮುದ್ರಣಕ್ಕೆ ಹೆಸರಾದ ಗದಗಿನಲ್ಲಿ ಅಚ್ಚುಮೊಳೆಯ ಕಾಲವನ್ನು ಕಂಡವರಿಗೆ ಇದು ತಟ್ಟನೆ ಹೊಳೆಯುತ್ತದೆ: ಕಂಪೋಜಿಟರನ ವೇಳೆಯೆಲ್ಲ ಹೋಗುತ್ತಿದ್ದುದು ಮೊಳೆಯ ಖಾನೆಯಿಂದ ಖಾನೆಗೆ ಕೈ ಓಡಾಡಿಸುವುದರಲ್ಲಿ.

ಅದಕ್ಕೇ ಆಪರೇಟಿಂಗ್ ಸಿಸ್ಟಂ ಬಂದ ಬೇಡಿಕೆಗಳನ್ನು ಬಂದ ಸರದಿಯಲ್ಲಿ ಕಳಿಸುತ್ತಿರಲಿಲ್ಲ. ಜಾಗದ ಪ್ರಕಾರ ಜೋಡಿಸಿ, ತಲೆ ಒಂದೇ ದಿಕ್ಕಿಗೆ ಸಾಗುತ್ತ ದಾರಿಯಲ್ಲಿನ ಕೆಲಸವನ್ನೆಲ್ಲ ಮುಗಿಸುವಂತೆ ಮಾಡುತ್ತಿತ್ತು. ಲಿನಕ್ಸ್‌ನಲ್ಲಿ ಜೆನ್ಸ್ ಆಕ್ಸ್‌ಬೋ ಬರೆದ ಸಿಎಫ್‌ಕ್ಯೂ ಎಂಬ ಸರದಿ ವ್ಯವಸ್ಥೆ ಒಂದು ಹೆಜ್ಜೆ ಮುಂದೆ ಹೋಯಿತು. ಒಂದು ಪ್ರೋಗ್ರಾಂ ಕೇಳಿದ್ದನ್ನು ಕೊಟ್ಟ ಮೇಲೆ ಡಿಸ್ಕನ್ನು 8 ಮಿಲಿಸೆಕೆಂಡಿನವರೆಗೂ ಸುಮ್ಮನೆ ಕೂರಿಸುತ್ತಿತ್ತು. ಅದೇ ಪ್ರೋಗ್ರಾಂ ಪಕ್ಕದ ಜಾಗವನ್ನೇ ಮತ್ತೆ ಕೇಳೀತು, ತಲೆ ದೂರ ಓಡುವುದು ತಪ್ಪೀತು ಎಂಬ ಲೆಕ್ಕ. ಕೆಲಸವಿದ್ದೂ ಕೈಕಟ್ಟಿ ಕೂತು ಒಟ್ಟು ಕೆಲಸವನ್ನು ಬೇಗ ಮುಗಿಸುವ ಈ ಉಪಾಯ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ.

ಎಸ್‌ಎಸ್‌ಡಿ ಬಂದೊಡನೆ ಈ ಲೆಕ್ಕ ಬುಡಮೇಲಾಯಿತು. ಅದರಲ್ಲಿ ಚಲಿಸುವ ಭಾಗವೇ ಇಲ್ಲ. ಎಲ್ಲಿಂದ ಓದಿದರೂ ಸುಮಾರು ಒಂದು ಮಿಲಿಸೆಕೆಂಡಿನ ಹತ್ತನೇ ಒಂದು ಪಾಲು ಸಾಕು. ಹಲವು ಚಿಪ್ಪುಗಳು ಒಟ್ಟಿಗೇ ಉತ್ತರ ಕೊಡುತ್ತವೆ. ಅಂಥದನ್ನು 8 ಮಿಲಿಸೆಕೆಂಡು ಖಾಲಿ ಕೂರಿಸಿದರೆ ಎಂಬತ್ತು ಓದುಗಳಷ್ಟು ಕಾಲ ಹಾಳು. ಹಾಗಾಗಿ ಸಿಸ್ಟಂ ಮೊದಲು ತಿಳಿಯಬೇಕಾದದ್ದು ತನ್ನ ಕೈಕೆಳಗಿನದು ತಿರುಗುವ ಜಾತಿಯೋ ಅಲ್ಲವೋ ಎಂಬುದನ್ನು. ಲಿನಕ್ಸ್‌ನಲ್ಲಿ ‘ರೊಟೇಷನಲ್’ ಎಂಬ ಪುಟ್ಟ ಗುರುತು ಇದನ್ನೇ ಹೇಳುತ್ತದೆ: ತಿರುಗಿದರೆ 1, ಇಲ್ಲದಿದ್ದರೆ 0.

ಗುರುತೊಂದರಿಂದ ಕೆಲಸ ಮುಗಿಯಲಿಲ್ಲ. ಹಳೆಯ ಸಾಟಾ ಡಿಸ್ಕುಗಳಿಗೆ ಒಂದೇ ಸರದಿ, ಅದರಲ್ಲಿ ಹೆಚ್ಚೆಂದರೆ 32 ಬೇಡಿಕೆ. ಎಸ್‌ಎಸ್‌ಡಿಗಳಿಗೆಂದೇ 2011ರಲ್ಲಿ ಬಂದ ಎನ್‌ವಿಎಂಇ ಮಾನದಂಡ ಸುಮಾರು 64 ಸಾವಿರ ಸರದಿಗಳಿಗೆ ಅವಕಾಶ ಕೊಟ್ಟಿತು. ಆದರೆ ಲಿನಕ್ಸ್‌ನ ಒಳಗೆ ಎಲ್ಲ ಪ್ರೊಸೆಸರ್ ಕೋರ್‌ಗಳೂ ಒಂದೇ ಬೀಗಕ್ಕಾಗಿ ಕಾದು ನಿಲ್ಲುತ್ತಿದ್ದವು. ಈಗ ತಡಮಾಡುತ್ತಿದ್ದುದು ತಂತ್ರಾಂಶ. 2014ರ ಜನವರಿಯ 3.13ನೇ ಆವೃತ್ತಿಯಲ್ಲಿ ಪ್ರತಿ ಕೋರ್‌ಗೂ ತನ್ನದೇ ಸರದಿ ಕೊಡುವ ಹೊಸ ವ್ಯವಸ್ಥೆ ಬಂತು. ಅದರ ರೂವಾರಿಗಳಲ್ಲಿಯೂ ಆಕ್ಸ್‌ಬೋ ಇದ್ದರು. 2019ರ 5.0 ಆವೃತ್ತಿಯಲ್ಲಿ ಸಿಎಫ್‌ಕ್ಯೂ ಪೂರ್ತಿಯಾಗಿ ಹೊರಹೋಯಿತು.

ಬರೆಯುವ, ಅಳಿಸುವ ವಿಷಯ ಇದಕ್ಕಿಂತ ಸೂಕ್ಷ್ಮ. ಎಸ್‌ಎಸ್‌ಡಿಯ ಚಿಪ್ಪಿನಲ್ಲಿ ಬರೆದದ್ದರ ಮೇಲೆಯೇ ಮತ್ತೆ ಬರೆಯಲಾಗದು, ಮೊದಲು ಅಳಿಸಬೇಕು. ಬರೆಯುವುದು ಕೆಲವು ಕಿಲೋಬೈಟಿನ ಪುಟಗಳಲ್ಲಿ. ಅಳಿಸುವುದು ಮಾತ್ರ ನೂರಾರು ಪುಟಗಳ ಇಡೀ ಗುಂಪನ್ನು. ಪ್ರತಿ ಅಳಿಸುವಿಕೆಗೂ ಚಿಪ್ಪು ಒಂದಿಷ್ಟು ಸವೆಯುತ್ತದೆ. ಹೀಗಾಗಿ ಒಳಗಿನ ನಿಯಂತ್ರಕವು ಉಳಿಸಬೇಕಾದ ಪುಟಗಳನ್ನು ಬೇರೆಡೆ ನಕಲು ಮಾಡಿ, ಗುಂಪನ್ನು ಖಾಲಿ ಮಾಡಿಕೊಳ್ಳುತ್ತ ಇರುತ್ತದೆ. ತೊಡಕು ಇಲ್ಲಿದೆ: ನೀವು ಫೈಲು ಅಳಿಸಿದಾಗ ಸಿಸ್ಟಂ ಹಿಂದೆ ತನ್ನ ಪಟ್ಟಿಯಲ್ಲಷ್ಟೇ ಅದನ್ನು ಹೊಡೆದುಹಾಕುತ್ತಿತ್ತು, ಡಿಸ್ಕಿಗೆ ಹೇಳುತ್ತಿರಲಿಲ್ಲ. ತಿರುಗುವ ಡಿಸ್ಕಿಗೆ ಹೇಳುವ ಅಗತ್ಯವೂ ಇರಲಿಲ್ಲ. ಪಾಪ, ಎಸ್‌ಎಸ್‌ಡಿ ಮಾತ್ರ ಯಾರಿಗೂ ಬೇಡವಾದ ಪುಟಗಳನ್ನೂ ಜೋಪಾನವಾಗಿ ನಕಲು ಮಾಡುತ್ತ ಸವೆಯುತ್ತಿತ್ತು, ನಿಧಾನವಾಗುತ್ತಿತ್ತು. ‘ಈ ಜಾಗ ಇನ್ನು ಬೇಡ’ ಎಂದು ತಿಳಿಸುವ ಟ್ರಿಮ್ ಆದೇಶ 2009ರ ವಿಂಡೋಸ್ 7ರಲ್ಲಿ ಬಂತು. ಲಿನಕ್ಸ್‌ಗೂ ಅದೇ ಆಸುಪಾಸಿನಲ್ಲಿ ಬಂತು.

ಈ ಬದಲಾವಣೆಯಲ್ಲಿ ಕರ್ನಾಟಕದ ಪಾಲೂ ಇದೆ. ಇಂದಿನ ವೇಗದ ಎನ್‌ವಿಎಂಇ ಸಾಧನಗಳ ಮುಂದೆ, ಕೇಳಿದ ಪ್ರೋಗ್ರಾಮನ್ನು ಮಲಗಿಸಿ ಎಬ್ಬಿಸುವ ಖರ್ಚೂ ಎದ್ದು ಕಾಣುತ್ತದೆ. ಅದನ್ನು ತಗ್ಗಿಸಲು 2019ರಲ್ಲಿ ಆಕ್ಸ್‌ಬೋ ಐಒ-ಯುರಿಂಗ್ ಎಂಬ ಹೊಸ ದಾರಿ ತೆರೆದರು. ಅದೇ ದಾರಿಯಲ್ಲಿ ಎನ್‌ವಿಎಂಇ ಆದೇಶಗಳನ್ನು ನೇರವಾಗಿ ಸಾಧನಕ್ಕೆ ಮುಟ್ಟಿಸುವ ಸೌಕರ್ಯ 2022ರ 5.19 ಆವೃತ್ತಿಯಲ್ಲಿ ಸೇರಿತು. ಬೆಂಗಳೂರಿನ ಸ್ಯಾಮ್‌ಸಂಗ್ ಸೆಮಿಕಂಡಕ್ಟರ್ ಸಂಶೋಧನಾ ಕೇಂದ್ರದ ಕಾಂಚನ್ ಜೋಶಿ ಮತ್ತು ಸಂಗಡಿಗರು ಅದಕ್ಕಾಗಿ ಆಕ್ಸ್‌ಬೋ ಜೊತೆ ದುಡಿದರು.

ನಮ್ಮ ಅಂಗಡಿಗಳ ಮಟ್ಟಿಗೆ ಇದರಿಂದ ಹುಟ್ಟುವ ಎಚ್ಚರಿಕೆಗಳು ಸರಳ. ಹಳೆಯ ಅಭ್ಯಾಸದಿಂದ ಎಸ್‌ಎಸ್‌ಡಿಗೆ ಬೇರೆ ತಂತ್ರಾಂಶ ಹಾಕಿ ಡಿಫ್ರಾಗ್ ಮಾಡಿಸಬೇಡಿ: ಸರಿಸಬೇಕಾದ ತಲೆಯೇ ಇಲ್ಲದಿರುವಾಗ ತುಣುಕುಗಳನ್ನು ಒಂದೆಡೆ ಸೇರಿಸುವುದು ಬರೀ ಸವೆತ. ಕಂಠಮಟ್ಟ ತುಂಬಿಸಬೇಡಿ, ಖಾಲಿ ಜಾಗವಿದ್ದಷ್ಟೂ ನಿಯಂತ್ರಕಕ್ಕೆ ನಕಲಿನ ಕೆಲಸ ಕಡಿಮೆ. ಎಲ್ಲಕ್ಕಿಂತ ಮುಖ್ಯ, ತಪ್ಪಿ ಅಳಿಸಿದ ವಿನ್ಯಾಸವನ್ನು ಹಾರ್ಡ್ ಡಿಸ್ಕಿನಿಂದ ರಿಪೇರಿಯವರು ಎಷ್ಟೋ ಸಲ ಹೊರತೆಗೆಯುತ್ತಿದ್ದರು. ಟ್ರಿಮ್ ನಡೆದ ಎಸ್‌ಎಸ್‌ಡಿಯಲ್ಲಿ ಆ ಆಸೆ ಬಹುಮಟ್ಟಿಗೆ ಇಲ್ಲ. ಆದ್ದರಿಂದ ತೆಗೆದ ಹಳೆಯ ಹಾರ್ಡ್ ಡಿಸ್ಕು ಚೆನ್ನಾಗಿದ್ದರೆ ಗುಜರಿಗೆ ಹಾಕದೆ ಎರಡನೆಯ ಪ್ರತಿ ಇಡಲು ಬಳಸಿ. ದೊಡ್ಡ ಫೈಲುಗಳನ್ನು ಸಾಲಾಗಿ ಬರೆಯುವ ಕೆಲಸದಲ್ಲಿ ಅದು ಈಗಲೂ ಸಮರ್ಥ, ಮತ್ತು ಅದನ್ನು ಜೋಡಿಸಿದೊಡನೆ ಆಪರೇಟಿಂಗ್ ಸಿಸ್ಟಂ ಅದಕ್ಕೆ ತಕ್ಕ ಹಳೆಯ ಕ್ರಮವನ್ನೇ ಅನುಸರಿಸಬಲ್ಲದು.